108 ಕೇಳುವ ಪ್ರಶ್ನೆ, ನಾವು ಕೇಳುವ ಪ್ರಶ್ನೆ



*ಇಂದಿನ ಧಮ್ಮ ಚಿಂತನೆ*

ಜನ 108ಕ್ಕೆ ಯಾಕೆ ಕರೆ ಮಾಡುತ್ತಾರೆ? ನಮ್ಮ ಪೀಣ್ಯದಲ್ಲಿ ಕೇಳಿದರೆ ಅಪಘಾತ ಎನ್ನುತ್ತಾರೆ. ಪ್ರೆಸ್ ಮೆಷಿನ್‌ಗೆ ಸಿಕ್ಕ ಕೈ, ತುಮಕೂರು ರಸ್ತೆಯಲ್ಲಿ ಬಿದ್ದ ಬೈಕು. ಆದರೆ ಕರೆಗಳಲ್ಲಿ ದೊಡ್ಡ ಪಾಲು ಹೆರಿಗೆ ನೋವಿನದು. ಎದೆನೋವು, ಉಸಿರಾಟದ ತೊಂದರೆ, ವಿಷ ಸೇವನೆಯ ಕರೆಗಳೂ ಇರುತ್ತವೆ. ಸ್ವಂತ ವಾಹನವಿಲ್ಲದ ಮನೆಗೆ ಇದೇ ಆಸರೆ. ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು 'ಆರೋಗ್ಯ ಕವಚ' ಹೆಸರಿನಲ್ಲಿ ಶುರುವಾದ ಈ ಸೇವೆ ಉಚಿತ.

ಕರೆ ಮಾಡದಿರುವುದಕ್ಕೂ ಕಾರಣಗಳಿವೆ. ನಾನು ಹಿಂದೆ ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಗುತ್ತಿಗೆ ಕಾರ್ಮಿಕನೊಬ್ಬ ಎದೆ ಹಿಡಿದುಕೊಂಡು ಕುಸಿದ. ಮರುದಿನ ಜೊತೆಯವರು ಹೇಳಿದರು: ಸುತ್ತ ನಿಂತವರು "ಯಾವ ಗುತ್ತಿಗೆದಾರನ ಆಳು? ಇಎಸ್‌ಐ ಕಾರ್ಡ್ ಇದೆಯಾ? ಮೇಲಿನವರಿಗೆ ತಿಳಿಸಿದಿರಾ?" ಎಂದು ಕೇಳುತ್ತಲೇ ಇಪ್ಪತ್ತು ನಿಮಿಷ ಕಳೆದರಂತೆ. ಕೊನೆಗೆ ಫೋನ್ ಮಾಡಿದವರು ಕಸ ಗುಡಿಸುವ ಅಕ್ಕ. ಆತ ಬದುಕಿದ. ಆದರೆ ಭಾರದ ಕೆಲಸ ಇನ್ನು ಅವನಿಂದಾಗದು.

ಆ ಕಡೆಯಿಂದ ಕೇಳಿದ್ದು ಇಷ್ಟೇ: ಎಲ್ಲಿದ್ದೀರಿ? ಏನಾಯಿತು? ಎಚ್ಚರವಿದೆಯಾ? ಉಸಿರಾಡುತ್ತಿದ್ದಾರಾ? ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ.

ಚೂಳಮಾಲುಂಕ್ಯ ಸುತ್ತದಲ್ಲಿ ಭಗವಾನ್ ಬುದ್ಧರು ವಿಷಬಾಣ ತಗುಲಿದವನ ದೃಷ್ಟಾಂತ ಕೊಡುತ್ತಾರೆ. ಬಾಣ ಬಿಟ್ಟವನ ವರ್ಣ ಯಾವುದು, ಹೆಸರೇನು, ಬಿಲ್ಲು ಎಂಥದ್ದು ಎಂದು ತಿಳಿಯುವ ತನಕ ಬಾಣ ಕೀಳಲು ಬಿಡೆನು ಎಂದರೆ, ಉತ್ತರ ಸಿಗುವ ಮೊದಲೇ ಆತ ಸಾಯುತ್ತಾನೆ. ದುಃಖದ ಮುಂದೆ ಯಾವ ಪ್ರಶ್ನೆ ಮೊದಲು ಎಂಬ ವಿವೇಕವೇ ಪ್ರಜ್ಞೆ. ತಕ್ಷಣ ಕೈ ಚಾಚುವುದೇ ಕರುಣೆ.

ಇದು ಯಾರದೋ ದಯೆಯಲ್ಲ, ನಮ್ಮ ಹಕ್ಕು. 1928ರಲ್ಲೇ ಬಾಬಾಸಾಹೇಬರು ಮುಂಬಯಿ ಶಾಸನ ಸಭೆಯಲ್ಲಿ ಕಾರ್ಮಿಕ ಮಹಿಳೆಯರ ಹೆರಿಗೆ ಭತ್ಯೆ ಮಸೂದೆಯನ್ನು ಬೆಂಬಲಿಸಿ ಮಾತಾಡಿದ್ದರು. ಬಡ ತಾಯಿಯ ಹೆರಿಗೆ ಆ ಮನೆಯ ಪಾಡು ಮಾತ್ರವಲ್ಲ, ಸಮಾಜದ ಹೊಣೆ.

*ಇಂದಿನ ಅಭ್ಯಾಸ*
☸️ ಮನೆಯ ಕ್ರಾಸ್, ಹತ್ತಿರದ ಗುರುತು, ಕಾರ್ಖಾನೆಯ ಗೇಟ್ ನಂಬರ್ ಬರೆದು ಗೋಡೆಗೆ ಅಂಟಿಸಿ. ವಿಳಾಸ ಹೇಳಲಾಗದೆ ಸಮಯ ಹೋಗಬಾರದು.
☸️ ಪಕ್ಕದ ಕೋಣೆಯ ಬಿಹಾರ, ಒಡಿಶಾದ ಹುಡುಗರಿಗೂ 108, 112 ತಿಳಿಸಿ.
☸️ ರಸ್ತೆಯಲ್ಲಿ ಬಿದ್ದವರನ್ನು ಎತ್ತಲು ಹೆದರಬೇಡಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ.
☸️ ತಮಾಷೆಗೆ ಕರೆ ಮಾಡುವ ಮಕ್ಕಳನ್ನು ತಿದ್ದಿ. ಆ ಹೊತ್ತಿಗೆ ಇನ್ನೊಬ್ಬ ತಾಯಿ ಕಾಯುತ್ತಿರಬಹುದು.

ಎಲ್ಲರಿಗೂ ಮಂಗಳವಾಗಲಿ.
ಜೈ ಭೀಮ್ 💙