ಗಣಕಯಂತ್ರದ ಕಾವಲು

ಗದಗ ನಗರದ ಸಮೀಪದ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. 2016ರ ಕಾಯಿದೆಯಂತೆ ಸ್ಥಾಪಿತವಾದ ಈ ವಿದ್ಯಾಸಂಸ್ಥೆಯ ಲಕ್ಷ್ಯವೆಲ್ಲ ಹಳ್ಳಿಯ ಏಳಿಗೆ ಮತ್ತು ಆಡಳಿತದ ಕಡೆಗೆ. ಆ ಆಡಳಿತದ ರೀತಿಯೇ ಇಂದು ಬದಲಾಗಿದೆ. ಹಿಂದೆ ಕಿರ್ದಿ ಪುಸ್ತಕಗಳಲ್ಲಿದ್ದ ಲೆಕ್ಕಪತ್ರಗಳು ಈಗ ಗಣಕಯಂತ್ರವನ್ನು ಸೇರಿವೆ. ಗ್ರಾಮ ಪಂಚಾಯಿತಿಯ ತೆರಿಗೆ ಮತ್ತು ಲೆಕ್ಕಗಳಿಗೆ ‘ಪಂಚತಂತ್ರ’, ಮನೆ ನಿವೇಶನಗಳ ದಾಖಲೆಗೆ ‘ಇ-ಸ್ವತ್ತು’ ಎಂಬ ತಂತ್ರಾಂಶಗಳು ಬಳಕೆಗೆ ಬಂದಿವೆ. ಕಿರ್ದಿಗೆ ಗೆದ್ದಲು ಹತ್ತದಂತೆ ಕಾಯುವುದು ಅಂದಿನ ಗುಮಾಸ್ತನ ಹೊಣೆಯಾಗಿತ್ತು. ಗಣಕಯಂತ್ರಕ್ಕೂ ಗೆದ್ದಲುಂಟೇ? ಉಂಟು.

ತಂತ್ರಾಂಶವೆಂದರೆ ಯಂತ್ರಕ್ಕಾಗಿ ಮನುಷ್ಯನು ಬರೆದ ಆಜ್ಞೆಗಳ ಸರಣಿ. ಅಷ್ಟು ದೀರ್ಘವಾದ ಬರವಣಿಗೆಯಲ್ಲಿ ದೋಷಗಳು ಉಳಿಯುವುದು ಸಹಜ. ದುರುಳರು ಅಂತಹ ಬಿರುಕುಗಳನ್ನೇ ಹುಡುಕಿ ಒಳನುಗ್ಗುತ್ತಾರೆ. ಬಿರುಕನ್ನು ಮುಚ್ಚಲು ತಯಾರಕರು ಕಳುಹಿಸುವ ತಿದ್ದುಪಡಿಯೇ ಪರಿಷ್ಕರಣೆ. ರೂಢಿಯಲ್ಲಿ ಇದನ್ನು ‘ಅಪ್‌ಡೇಟ್’ ಎನ್ನುವರು. ಸಂತೆಗೆ ವಾರ ಗೊತ್ತಿರುವಂತೆ, ಮೈಕ್ರೋಸಾಫ್ಟ್ ಸಂಸ್ಥೆಯು 2003ರಿಂದ ಪ್ರತಿ ತಿಂಗಳ ಎರಡನೆಯ ಮಂಗಳವಾರವನ್ನು ಈ ಕಾರ್ಯಕ್ಕೆ ಗೊತ್ತುಮಾಡಿದೆ.

ಪರಿಷ್ಕರಣೆಯನ್ನು ಅಲಕ್ಷಿಸಿದರೆ ಏನಾಗುವುದೆಂಬುದನ್ನು 2017ರಲ್ಲಿ ಜಗತ್ತು ಕಂಡಿತು. ವಿಂಡೋಸ್‌ನ ಒಂದು ದೋಷಕ್ಕೆ ಆ ವರ್ಷದ ಮಾರ್ಚ್ 14ರಂದೇ ತಿದ್ದುಪಡಿ ಹೊರಟಿತ್ತು. ಅದನ್ನು ಅಳವಡಿಸಿಕೊಳ್ಳದೆ ಅನೇಕ ಕಚೇರಿಗಳು ಸುಮ್ಮನಿದ್ದವು. ಮೇ 12ರಂದು ‘ವಾನಾಕ್ರೈ’ ಎಂಬ ಕುತಂತ್ರಾಂಶ ಅದೇ ಬಿರುಕಿನಿಂದ ನುಗ್ಗಿ, ಸುಮಾರು 150 ದೇಶಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಭೇಟಿಗಳು ರದ್ದಾದವು.

ಹಾಗೆಂದು ಆತುರವೂ ಸಲ್ಲದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ದೋಷಯುಕ್ತ ಪರಿಷ್ಕರಣೆಯೊಂದು ಹಂತಹಂತವಾಗಿ ಹೋಗದೆ ಏಕಕಾಲಕ್ಕೆ ಎಲ್ಲೆಡೆಗೂ ಹೋಯಿತು. ಒಂದೂವರೆ ಗಂಟೆಯೊಳಗೆ ಅದನ್ನು ಹಿಂತೆಗೆದುಕೊಂಡರೂ ಸುಮಾರು 85 ಲಕ್ಷ ಯಂತ್ರಗಳು ಕೆಟ್ಟು ನಿಂತವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರು ತೊಂದರೆಗೊಳಗಾದರು. ದೇಶದ ಕೆಲವು ನಿಲ್ದಾಣಗಳಲ್ಲಿ ವಿಮಾನವೇರುವ ಚೀಟಿಗಳನ್ನು ಕೈಯಿಂದಲೇ ಬರೆದುಕೊಡಬೇಕಾಯಿತು.

ಈ ಎರಡು ಅಪಾಯಗಳ ನಡುವೆ ದಾರಿ ಕಾಣುವವನೇ ಜಾಣ ನಿರ್ವಾಹಕ. ಕಚೇರಿಯಲ್ಲಿ ಎಷ್ಟು ಯಂತ್ರಗಳಿವೆ, ಯಾವುದರಲ್ಲಿ ಯಾವ ತಂತ್ರಾಂಶವಿದೆ ಎಂಬ ಪಟ್ಟಿಯನ್ನು ಆತ ಮೊದಲು ಸಿದ್ಧಪಡಿಸುತ್ತಾನೆ. ದಾಖಲೆಗಳ ಪ್ರತಿಯನ್ನು ಬೇರೆಡೆ ತೆಗೆದಿರಿಸುತ್ತಾನೆ. ಹೊಸ ಪರಿಷ್ಕರಣೆಯನ್ನು ಎರಡು ಮೂರು ಯಂತ್ರಗಳಲ್ಲಿ ಪರೀಕ್ಷಿಸಿ, ಅವು ನೆಟ್ಟಗೆ ನಡೆದರೆ ಮಾತ್ರ ಉಳಿದವಕ್ಕೆ, ಅದೂ ಕಚೇರಿಯ ವೇಳೆ ಮುಗಿದ ಮೇಲೆ, ಅಳವಡಿಸುತ್ತಾನೆ.

ಆತನ ನೆರವಿಗೆ ಉಪಕರಣಗಳೂ ಇವೆ. ಪರಿಷ್ಕರಣೆಯನ್ನು ಒಮ್ಮೆ ತರಿಸಿಕೊಂಡು ಎಲ್ಲ ಯಂತ್ರಗಳಿಗೂ ಹಂಚುವ ವ್ಯವಸ್ಥೆ ಅವುಗಳಲ್ಲೊಂದು. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಲ್ಲಿ ಆರಂಭಿಸಿದ ‘ಸಿಸ್‌ಇಂಟರ್ನಲ್ಸ್’ ಎಂಬ ಉಪಕರಣಗಳ ಗುಂಪು ಇನ್ನೊಂದು. ಯಂತ್ರದೊಳಗೆ ಆ ಕ್ಷಣ ಏನು ನಡೆಯುತ್ತಿದೆ, ಯಂತ್ರ ಎದ್ದೊಡನೆ ಯಾವ ಯಾವ ತಂತ್ರಾಂಶಗಳು ತಾವಾಗಿ ಏಳುತ್ತವೆ ಎಂಬುದನ್ನು ಅವು ತೋರಿಸುತ್ತವೆ. ಅವು ಉಚಿತವಾಗಿ ದೊರೆಯುತ್ತವೆ. ಆದರೆ ಇಂತಹ ಯಾವುದೇ ಉಪಕರಣವನ್ನು ಅದರ ತಯಾರಕರಿಂದಲೇ ಪಡೆಯಬೇಕು. ಅಪರಿಚಿತರಿಂದ ಪಡೆದರೆ ಕಾವಲುಗಾರನ ವೇಷದಲ್ಲಿ ಕಳ್ಳನೇ ಬಂದಾನು.

ಗದಗ ಸೀಮೆಯ ರೈತನು ಮಳೆಗಾಲಕ್ಕೆ ಮೊದಲೇ ಹೊಲದ ಒಡ್ಡನ್ನು ನೋಡಿ ಬರುತ್ತಾನೆ. ಒಡೆದ ಮೇಲೆ ಮಣ್ಣು ಹೊತ್ತರೆ ಫಲವಿಲ್ಲವೆಂಬುದು ಅವನಿಗೆ ಗೊತ್ತು. ಕಚೇರಿಯ ಯಂತ್ರಕ್ಕೂ ಇದೇ ಮಾತು ಸಲ್ಲುತ್ತದೆ. ಮನೆಯ ಉತಾರಕ್ಕಾಗಿ ಒಂದು ದಿನದ ಕೂಲಿಯನ್ನು ಬಿಟ್ಟು ಪಂಚಾಯಿತಿಗೆ ಬಂದವನು, ‘ಯಂತ್ರ ಕೆಟ್ಟಿದೆ, ನಾಳೆ ಬಾ’ ಎಂಬ ಉತ್ತರ ಕೇಳಿ ಹಿಂದಿರುಗಿದರೆ ಆ ನಷ್ಟವನ್ನು ಯಾರೂ ತುಂಬಿಕೊಡಲಾರರು. ಯಂತ್ರವನ್ನು ಸುಸ್ಥಿತಿಯಲ್ಲಿಡುವುದು ಅಂತಹ ಬಡವನ ಒಂದು ದಿನದ ದುಡಿಮೆಯನ್ನು ಕಾಯುವ ಕೆಲಸವೂ ಹೌದು.