ವಿಮಾನವೂ ಅಳತೆಯೂ

ನಮ್ಮ ಭಾಷೆಯಲ್ಲಿ 'ವಿಮಾನ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಆಕಾಶದಲ್ಲಿ ಹಾರುವುದು ವಿಮಾನ. ಗರ್ಭಗುಡಿಯನ್ನೂ ಅದರ ಮೇಲಿನ ಶಿಖರವನ್ನೂ ಕೂಡಿಸಿ ಶಿಲ್ಪಶಾಸ್ತ್ರವು ಕರೆಯುವುದೂ ವಿಮಾನವೆಂದೇ. 'ಅಳೆಯುವುದು' ಎಂಬ ಅರ್ಥದ ಸಂಸ್ಕೃತ ಧಾತು ಈ ಪದದಲ್ಲಿ ಅಡಗಿದೆ. ಕಳೆದ ರಜೆಯಲ್ಲಿ ಪ್ಲಾಸ್ಟಿಕ್ ಆಟದ ಇಟ್ಟಿಗೆಗಳಿಂದ ಪ್ರಯಾಣಿಕರ ವಿಮಾನವೊಂದರ ಮಾದರಿಯನ್ನು ಕಟ್ಟಿದಾಗ ಆ ಧಾತುವಿನ ಮಹತ್ವ ನನಗೆ ಸ್ಪಷ್ಟವಾಯಿತು. ಮನಸ್ಸಿಗೆ ಬಂದಷ್ಟು ಚಿಕ್ಕದು ಮಾಡಿದರೆ ಅದು ಬರಿಯ ಆಟಿಕೆ; ಎಲ್ಲ ಅಂಗಗಳನ್ನೂ ಒಂದೇ ಪ್ರಮಾಣದಲ್ಲಿ ಇಳಿಸಿದರೆ ಮಾತ್ರ ಮಾದರಿ.

2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಶಿವಮೊಗ್ಗೆಗೆ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅದು ಎ.ಟಿ.ಆರ್. 72 ಎಂಬ ಜಾತಿಯದು. ನಾನು ಆರಿಸಿಕೊಂಡದ್ದು ಅದನ್ನೇ. ಅದರ ಉದ್ದ 27.17 ಮೀಟರು, ರೆಕ್ಕೆಯ ತುದಿಯಿಂದ ತುದಿಗೆ 27.05 ಮೀಟರು, ನೆಲದಿಂದ ಬಾಲದ ತುದಿಗೆ 7.65 ಮೀಟರು, ಒಡಲಿನ ಅಗಲ ಸುಮಾರು 2.87 ಮೀಟರು. ಈವರೆಗೆ ವಿಮಾನ ಹತ್ತದ ನನಗೆ ಇಲ್ಲೇ ಮೊದಲ ಬೆರಗು ಕಾದಿತ್ತು: ಈ ವಿಮಾನ ಎಷ್ಟು ಉದ್ದವೋ ಹೆಚ್ಚುಕಡಿಮೆ ಅಷ್ಟೇ ಅಗಲ!

ಇನ್ನು ಇಟ್ಟಿಗೆಯ ವಿಚಾರ. ಡೆನ್ಮಾರ್ಕ್ ದೇಶದ ಲೆಗೋ ಸಂಸ್ಥೆ 1958ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಈ ಇಟ್ಟಿಗೆಯ ಮೇಲೆ ಸಾಲುಸಾಲಾಗಿ ಗುಬಟುಗಳಿವೆ. ಒಂದು ಗುಬಟಿನ ನಡುವಿನಿಂದ ಮುಂದಿನದರ ನಡುವಿಗೆ 8 ಮಿಲಿಮೀಟರು. ಇಟ್ಟಿಗೆಯ ಎತ್ತರ 9.6 ಮಿಲಿಮೀಟರು. ತೆಳುವಾದ ಬಿಲ್ಲೆಯೂ ಉಂಟು. ಅಂಥ ಮೂರು ಸೇರಿದರೆ ಒಂದು ಇಟ್ಟಿಗೆಯ ಎತ್ತರ.

ಈ ಇಟ್ಟಿಗೆಯನ್ನು ಕತ್ತರಿಸುವಂತಿಲ್ಲ. ಆದುದರಿಂದ ಅತ್ಯಂತ ಕಿರಿದಾದ ಮುಖ್ಯ ಅಳತೆಯಿಂದಲೇ ಲೆಕ್ಕ ಆರಂಭಿಸಬೇಕು. ಒಡಲಿಗೆ ನಾಲ್ಕು ಗುಬಟು, ಎಂದರೆ 32 ಮಿಲಿಮೀಟರು ಕೊಟ್ಟರೆ ಪ್ರಮಾಣ 90ಕ್ಕೆ 1 ಆಗುತ್ತದೆ. ಮಿಕ್ಕ ಅಳತೆಗಳನ್ನು ಆ ಪ್ರಮಾಣವೇ ನಿಗದಿ ಮಾಡುತ್ತದೆ: ಉದ್ದ 302 ಮಿಲಿಮೀಟರು, ರೆಕ್ಕೆ 301, ಎತ್ತರ 85. ಉದ್ದಕ್ಕೂ ರೆಕ್ಕೆಗೂ ತಲಾ 38 ಗುಬಟು.

ಕಟ್ಟುವಾಗ ಎರಡು ತೊಡಕುಗಳು ಬಂದವು. ಒಂದು ಗುಬಟು ದಪ್ಪದ ಬಾಲವು ನಾಲ್ಕು ಗುಬಟಿನ ಒಡಲ ನಟ್ಟನಡುವೆ ಕೂರುವುದಿಲ್ಲ. ಎರಡು ಗುಬಟಿನಗಲವಿದ್ದು ನಡುವೆ ಒಂದೇ ಗುಬಟುಳ್ಳ ಬಿಲ್ಲೆಯನ್ನು ಕೆಳಗಿಟ್ಟರೆ ಅರ್ಧ ಗುಬಟಿನಷ್ಟು ಸರಿದು ಸರಿಯಾಗಿ ಕೂರುತ್ತದೆ. ಎರಡನೆಯದು, ಒಡಲ ಮೇಲೆ ಹಾದುಹೋಗುವ ಉದ್ದನೆಯ ರೆಕ್ಕೆ ಬಿಲ್ಲೆಗಳ ಸಂದಿನಲ್ಲಿ ಬಾಗುತ್ತದೆ. ಗಾರೆ ಕೆಲಸದವರು ಸಂದಿನ ಮೇಲೆ ಸಂದು ಬಾರದಂತೆ ಗೋಡೆ ಕಟ್ಟುವುದನ್ನು ನಾವೆಲ್ಲ ಕಂಡಿದ್ದೇವೆ. ಎರಡು ವರಸೆ ಬಿಲ್ಲೆಗಳನ್ನು ಹಾಗೆಯೇ ಜೋಡಿಸಿದೆ. ರೆಕ್ಕೆ ಗಟ್ಟಿಯಾಗಿ ನಿಂತಿತು.

ಆದರೆ ಆಕಾರ ಸರಿಬಂದ ಮಾತ್ರಕ್ಕೆ ಎಲ್ಲವೂ ಸರಿಬಂದಂತಲ್ಲ. ಉದ್ದವು 90ರಲ್ಲಿ ಒಂದು ಪಾಲಾದರೆ ಘನಗಾತ್ರವು 90ರ ಘನದಲ್ಲಿ, ಅಂದರೆ 7,29,000ದಲ್ಲಿ ಒಂದು ಪಾಲಾಗುತ್ತದೆ. ತುಂಬಿದ ವಿಮಾನದ ಗರಿಷ್ಠ ತೂಕ ಸುಮಾರು 23,000 ಕಿಲೋಗ್ರಾಂ. ಇದೇ ಲೆಕ್ಕದಲ್ಲಿ ಮಾದರಿ ತೂಗಬೇಕಾದದ್ದು ಸುಮಾರು 32 ಗ್ರಾಂ ಮಾತ್ರ! ಎಂಟು ಗುಬಟಿನ ಹದಿನಾಲ್ಕು ಇಟ್ಟಿಗೆಗಳೇ ಅಷ್ಟು ತೂಗುತ್ತವೆ. ನಾನು ಬಳಸಿದ್ದು ಅದರ ಎಷ್ಟೋ ಪಟ್ಟು. ನಿಜವಾದ ವಿಮಾನವು ತೆಳುವಾದ ತೊಗಲಿನೊಳಗೆ ಬಹುಪಾಲು ಗಾಳಿಯನ್ನೇ ತುಂಬಿಕೊಂಡಿರುವ ಹಗುರ ವಸ್ತುವೆಂಬುದು ನನಗೆ ತಿಳಿದದ್ದು ಈ ವ್ಯತ್ಯಾಸದಿಂದಲೇ.

ಈ ವಿವೇಚನೆಯಿಂದ ನಮ್ಮ ನೆರೆಯ ದೇಗುಲಗಳನ್ನು ನೋಡಬಹುದು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ಗುಡಿಯ ಮೇಲೆ ಈಗ ಶಿಖರವಿಲ್ಲ. ಹಳೇಬೀಡಿನ ಹೊಯ್ಸಳೇಶ್ವರಕ್ಕೂ ಇಲ್ಲ. ಆದರೆ ಬೇಲೂರಿನ ಮೆಟ್ಟಿಲುಗಳ ಇಕ್ಕೆಲದಲ್ಲಿ ಶಿಖರಸಹಿತವಾದ ಪುಟ್ಟ ವಿಮಾನಗಳು ನಿಂತಿವೆ. ದೊಡ್ಡ ಗುಡಿ ಕಳೆದುಕೊಂಡ ರೂಪವನ್ನು ಊಹಿಸಲು ಅವು ಆಧಾರ. ಆ ಶಿಖರದ ಭಾರವನ್ನು ಗೋಡೆ ಹೇಗೆ ಹೊರುತ್ತಿತ್ತೆಂಬುದನ್ನು ಮಾತ್ರ ಅವು ಹೇಳಲಾರವು. ಅದಕ್ಕೆ ಸುಮಾರು 1220ರ ಅರಸೀಕೆರೆಯ ಈಶ್ವರ ದೇವಾಲಯದಂಥ, ಶಿಖರ ಉಳಿದಿರುವ ಗುಡಿಗೇ ಹೋಗಬೇಕು.

ಆದಕಾರಣ ಮಿತ್ರರು ಯಾವ ಮಾದರಿಯನ್ನು ಕಂಡರೂ, ಇಲ್ಲಿ ಯಾವುದನ್ನು ಅಳೆದಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಉತ್ತರ ದೊರೆತರೆ ಕೈಗೆಟುಕದ ವಸ್ತುವನ್ನೂ ಮೇಜಿನ ಮೇಲಿಟ್ಟು ಅಭ್ಯಾಸ ಮಾಡಬಹುದು.