ಕಟ್ಟಿಂಗ್ ಮಿಷಿನ್ ಕೊಳ್ಳುವ ಮೊದಲು



ಗ್ರೈಂಡರ್ ಅಂದ ಕೂಡಲೇ ನಮಗೆ ದೋಸೆಹಿಟ್ಟು ನೆನಪಾಗುತ್ತದೆ. ನಾವೀಗ ಹೇಳುವುದು ಅದರ ವಿಷಯವಲ್ಲ. ಮೇಸ್ತ್ರಿಗಳು ಕೈಯಲ್ಲಿ ಹಿಡಿದು ಕಲ್ಲು, ಟೈಲ್ಸ್, ಕಬ್ಬಿಣ ಕೊಯ್ಯುವ ಆ್ಯಂಗಲ್ ಗ್ರೈಂಡರ್‌ನ ವಿಷಯ. ತೋಡಾರು, ಮಿಜಾರು, ಮೂಡಬಿದಿರೆ ಕಡೆ ಕೆಂಪುಕಲ್ಲಿನ ಗೋಡೆಗಳು ಬೇಕಾದಷ್ಟಿವೆ. ಮಳೆಗಾಲಕ್ಕೆ ಮುಂಚೆ ಸಂದು ಬಿಡಿಸಿ ಹೊಸ ಗಾರೆ ತುಂಬುವ ಕೆಲಸವೂ ಇದ್ದೇ ಇರುತ್ತದೆ. ಮನೆಯವರಿಗೆ ಮಿಷಿನ್ ತೆಗೆಸಿಕೊಡಲು ಸಂಘದಿಂದ ಸಾಲ ಕೇಳುವಾಗ, ಅಥವಾ ಸಂಘದಿಂದಲೇ ಒಂದು ಕೊಂಡು ಬಾಡಿಗೆಗೆ ಬಿಡೋಣ ಎಂದು ಮಾತಾಡುವಾಗ, ಕ್ರಯವೊಂದನ್ನೇ ನೋಡಿದರೆ ಸಾಲದು.

ಮೊದಲು, ಮಿಷಿನ್ ಬೇಕೇ ಅಂತ ಕೇಳಿಕೊಳ್ಳೋಣ. ಮಣ್ಣು ಅಥವಾ ಸುಣ್ಣದ ಗಾರೆಯ ಹಳೇ ಗೋಡೆಗೆ ಬೇಡ. ಅದು ಉಳಿ, ಸುತ್ತಿಗೆಗೇ ಬಿಡುತ್ತದೆ. ಕೆಂಪುಕಲ್ಲು ಕೋರೆಯಿಂದ ಬರುವಾಗ ಮೆದು, ಗಾಳಿಗೆ ಒಣಗಿದ ಮೇಲೆ ಗಟ್ಟಿ. ಆದರೂ ತಿರುಗುವ ಡಿಸ್ಕ್‌ಗೆ ಅದು ಯಾವ ಲೆಕ್ಕ? ಕೈ ಸ್ವಲ್ಪ ಜಾರಿದರೆ ಕಲ್ಲಿನ ಅಂಚೇ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಗಟ್ಟಿ ಸಿಮೆಂಟ್ ಸಂದಿಗೆ ಮಾತ್ರ ಮಿಷಿನ್ ಉಪಕಾರಿ.

ಇನ್ನು ಸೈಜು. ಸಂದಿನ ಅಗಲದ ಎರಡು ಪಾಲು ಆಳಕ್ಕೆ ಹಳೆ ಗಾರೆ ತೆಗೆದರೆ ಸಾಕು. ಅಂದ್ರೆ 10 ಮಿ.ಮೀ. ಸಂದಿಗೆ 20 ಮಿ.ಮೀ. 4 ಇಂಚಿನ ಮಿಷಿನ್ ಸುಮಾರು ಒಂದು ಇಂಚು ಆಳ ಕೊಯ್ಯುತ್ತದೆ, ತೂಕ ಎರಡು ಕಿಲೋ ಆಸುಪಾಸು. ಇಡೀ ದಿನ ಸಂದು ಬಿಡಿಸುವವರಿಗೆ 5 ಇಂಚಿನದು, ಸಾವಿರ ವ್ಯಾಟ್‌ಗಿಂತ ಮೇಲಿನದು ಒಳ್ಳೆಯದು. ಚಿಕ್ಕ ಮೋಟಾರು ಅಷ್ಟು ಕೆಲಸಕ್ಕೆ ಬೇಗ ಬಿಸಿಯಾಗುತ್ತದೆ. 9 ಇಂಚಿನ ದೊಡ್ಡದು ಗೋಡೆಯ ಸಂದಿಗೆ ಬೇಡವೇ ಬೇಡ. ಐದು ಕಿಲೋ ಎತ್ತಿ ಹಿಡಿಯಬೇಕು, ಡಿಸ್ಕ್ ಸಿಕ್ಕಿಕೊಂಡರೆ ಮೈಮೇಲೆ ಹಾರುತ್ತದೆ.

ಕೆಲವರು ಚಿಕ್ಕ ಮಿಷಿನ್‌ನ ಕವರು ತೆಗೆದು ದೊಡ್ಡ ಡಿಸ್ಕ್ ಹಾಕುವುದುಂಟು. ಇದಕ್ಕೆ ನಾವು ಒಪ್ಪಲೇಬಾರದು. 4 ಇಂಚಿನದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. 7 ಇಂಚಿನ ಡಿಸ್ಕ್ ತಡೆಯುವುದು ಸುಮಾರು 8,500 ಸುತ್ತು ಮಾತ್ರ. ಅದು ಒಡೆದು ಚೂರು ಹಾರಿದರೆ ಕಣ್ಣು, ಕುತ್ತಿಗೆ ಉಳಿಯುವುದು ಕಷ್ಟ. ಎಷ್ಟು ಸುತ್ತು ಎಂಬುದು ಡಿಸ್ಕ್ ಮೇಲೇ ಬರೆದಿರುತ್ತದೆ, ಓದಿಸಿಯೇ ತೆಗೆದುಕೊಳ್ಳಿ. ಕಲ್ಲು, ಸಿಮೆಂಟಿಗೆ ಡೈಮಂಡ್ ಡಿಸ್ಕ್. ಸಂದು ಬಿಡಿಸಲೆಂದೇ 6 ಮಿ.ಮೀ. ದಪ್ಪದ್ದೂ ಇದೆ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಇದಕ್ಕೆ ಹಾಕಬೇಡಿ.

ಅಂಗಡಿಯಲ್ಲಿ ಸ್ವಿಚ್ಚನ್ನು ನೀವೇ ಒತ್ತಿ ನೋಡಿ. ಕೈ ಬಿಟ್ಟ ಕೂಡಲೇ ಆಫ್ ಆಗುವಂಥದ್ದಕ್ಕೆ ಸ್ವಲ್ಪ ಹೆಚ್ಚು ಹಣ ಹೋದರೂ ಹೋಗಲಿ. ನಮ್ಮೂರಲ್ಲಿ ಕರೆಂಟು ಹೋಗಿ ಬರುವುದು ಮಾಮೂಲು. ಸ್ವಿಚ್ಚು ಆನ್ ಇದ್ದು ಕರೆಂಟು ಬಂದರೆ ನೆಲದಲ್ಲಿಟ್ಟ ಮಿಷಿನ್ ತಾನೇ ತಿರುಗುತ್ತದೆ, ಮಕ್ಕಳು ಹತ್ತಿರ ಇದ್ದರೆ ಏನು ಗತಿ? ಹಾಗೆ ತಾನೇ ಶುರುವಾಗದ ಮಿಷಿನ್‌ಗಳೂ ಸಿಗುತ್ತವೆ, ಕೇಳಿ ನೋಡಿ. ಮನೆಯಲ್ಲಿ ಇ.ಎಲ್.ಸಿ.ಬಿ. ಇಲ್ಲದಿದ್ದರೆ ಹಾಕಿಸಿ. ಕಾರ್ಬನ್ ಬ್ರಶ್ಶು ಹತ್ತಿರದಲ್ಲೇ ಸಿಗುವ ಕಂಪೆನಿಯದ್ದಾದರೆ ರಿಪೇರಿಗೆ ಮಂಗಳೂರಿಗೆ ಓಡಬೇಕಾಗಿಲ್ಲ. ನಾವೇ ಮಿಷಿನ್ ಹಿಡಿಯುವುದಾದರೆ ಸೆರಗು, ಶಾಲು, ಬಿಟ್ಟ ಕೂದಲು, ಬಳೆ ಯಾವುದೂ ಹತ್ತಿರ ಸುಳಿಯಬಾರದು.

ಸಾಲದ ಲೆಕ್ಕ ಬರೆಯುವಾಗ ಕನ್ನಡಕ, ಮಾಸ್ಕ್‌ನ ಹಣವನ್ನೂ ಸೇರಿಸಿ ಬರೆಯಿರಿ. ಸಿಮೆಂಟ್ ಗಾರೆಯಲ್ಲಿ ಮರಳಿದೆ. ಅದನ್ನು ಕೊಯ್ದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ನುಣ್ಣಗಿನ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಆಗುತ್ತದೆ. ಬಂದ ಮೇಲೆ ಗುಣ ಮಾಡುವ ಮದ್ದಿಲ್ಲ, ಕ್ಷಯ ಹತ್ತುವ ಭಯ ಬೇರೆ. ಮುಖಕ್ಕೆ ಬೈರಾಸು ಕಟ್ಟಿದರೆ ಈ ಧೂಳು ನಿಲ್ಲುವುದಿಲ್ಲ. ಕಡಿಮೆಯೆಂದರೆ ಎನ್-95 ಮಾಸ್ಕ್ ಬೇಕು, ಅದೂ ಮೂಗಿಗೆ ಸರಿಯಾಗಿ ಕೂತಿರಬೇಕು. ಧೂಳು ಎಳೆಯುವ ವ್ಯಾಕ್ಯೂಮ್ ಜೋಡಿಸುವ ಕವರು ಸಿಕ್ಕಿದರೆ ಇನ್ನೂ ಒಳ್ಳೆಯದು. ಇಂಥ ಮಿಷಿನ್‌ಗೆ ನೀರು ಸುರಿಯಬೇಡಿ, ಶಾಕ್ ಹೊಡೆಯುತ್ತದೆ. ಕೆಲಸ ಮಾಡಿ ಬಂದವರ ಅಂಗಿ, ಪ್ಯಾಂಟನ್ನು ಮನೆಯೊಳಗೆ ಕೊಡವಿದರೆ ಆ ಧೂಳು ಕುಡಿಯುವವರು ನಾವು ಮತ್ತು ನಮ್ಮ ಮಕ್ಕಳು. ಹೊರಗೆ ಒಂದು ಬಕೆಟ್ ನೀರಿಡಿ, ಬಟ್ಟೆ ನೇರ ಅದಕ್ಕೇ ಬೀಳಲಿ.